ಹನ್ನೊಂದನೆಯ ‘ಇನ್ನೂ ಬೇಕು’

ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮಸಿ ಎಡದಿಂದ ಬಲಕ್ಕೆ ಒರೆಸಿಕೊಂಡು ಹೋಗಿರುವುದು ಕಂಡಿತು.

ಹಿಂದಿನ ಪುಟಕ್ಕೆ ತಿರುಗಿಸಿದೆ. ಅಲ್ಲೂ ಹಾಗೆಯೇ. ಅದರ ಹಿಂದಿನದರಲ್ಲೂ ಹಾಗೆಯೇ. ‘ಇನ್ನೂ ಬೇಕು’ ಎಂಬ ಎರಡು ಪದಗಳ ಮೇಲೆ ಬರೆದವರ ಅಂಗೈಯ ಅಂಚು ಸವರಿಕೊಂಡು ಹೋಗಿ, ಅಕ್ಷರಗಳ ಪಕ್ಕದಲ್ಲಿ ತೆಳ್ಳನೆಯ ನೀಲಿ ಉಳಿದಿತ್ತು.

ಎಡಗೈಯಲ್ಲಿ ಬರೆಯುವವರು ಮಾತ್ರ ತಮ್ಮ ಅಕ್ಷರವನ್ನು ತಾವೇ ಹೀಗೆ ಒರೆಸುತ್ತಾರೆ. ಅಚ್ಚಿನಕ್ಕ ಬರೆಯುವುದು ಬಲಗೈಯಲ್ಲಿ. ನಿನ್ನೆ ನಲವತ್ತು ಜನರ ಮುಂದೆ ನಾನು ಬೆರಳು ತೋರಿಸಿ “ಕೆಲಸ ಈಕೆಯದೇ” ಎಂದಾಗ, ಅವರು ಆ ಬಲಗೈಯಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತುಬಿಟ್ಟಿದ್ದರು.

ನನಗೆ ಕಿವಿಯವರೆಗೂ ಬಿಸಿ ಏರಿತು. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತನಾದವನು ನಾನು. ಇಷ್ಟು ದಿನ ಈ ಪುಸ್ತಕದ ಪುಟಗಳನ್ನು ನೋಡಿದ್ದು ಮೊಬೈಲಿಗೆ ಬಂದ ಫೋಟೋಗಳಲ್ಲಿ. ಫೋಟೋದಲ್ಲಿ ಅಕ್ಷರ ಕಂಡಿತ್ತು, ಒರೆಸಿದ ಮಸಿ ಕಂಡಿರಲಿಲ್ಲ. ಕೆಳಗಿನ ಮಹಡಿಗೆ ಇಳಿದು ಮೂಲ ಪುಸ್ತಕ ನೋಡಲು ಸೋಮಾರಿತನ. ಇವತ್ತು ಇಳಿದದ್ದೂ ವರದಿಗೆ ಲಗತ್ತಿಸಬೇಕಲ್ಲ ಎಂಬ ಕಾರಣಕ್ಕೆ. ನನ್ನ ಕೈಕೆಳಗಿನ ಪೇದೆ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಐದಕ್ಕೆ ವಿಚಾರಣಾ ಸಮಿತಿ ಕೂರಲಿತ್ತು. ನನ್ನ ವರದಿಯನ್ನು ಒಪ್ಪಿದರೆ ಇಪ್ಪತ್ತೆರಡು ವರ್ಷ ಇಲ್ಲಿ ದುಡಿದ ಹೆಂಗಸು ಕಳ್ಳಿ ಎಂದು ಅನ್ನಿಸಿಕೊಂಡು ಮನೆಗೆ ಹೋಗುತ್ತಾರೆ.

ಅಚ್ಚಿನಕ್ಕ ಎಂಬ ಹೆಸರು ಅವರ ಕೆಲಸದಿಂದ ಬಂದದ್ದು. ಈ ಕಂಪನಿ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ಕ್ಲೌಡ್‌ನಲ್ಲಿ ನಡೆಸಿಕೊಡುತ್ತದೆ. ಅಲ್ಲಿ ಪ್ರತಿ ಯಂತ್ರವನ್ನೂ ಹೊಸದಾಗಿ ಕಟ್ಟುವುದಿಲ್ಲ. ಒಂದು ಇಮೇಜ್, ಅಂದರೆ ಎಲ್ಲ ಸಿದ್ಧಪಡಿಸಿದ ಮಾದರಿ ಪ್ರತಿ, ಮಾಡಿಟ್ಟುಕೊಂಡು, ಬೇಕಾದಾಗಲೆಲ್ಲ ಅದರಿಂದ ಎಷ್ಟು ಯಂತ್ರ ಬೇಕೋ ಅಷ್ಟು ಎಬ್ಬಿಸುತ್ತಾರೆ. ಆ ಇಮೇಜನ್ನೇ ಇಲ್ಲಿಯವರು ಅಚ್ಚು ಎನ್ನುತ್ತಾರೆ. ಅಚ್ಚಿಗೂ ವಯಸ್ಸಾಗುತ್ತದೆ, ಹಳೆಯ ಅಚ್ಚಿನ ಬೀಗಗಳು ಕಳ್ಳರಿಗೆ ಬಾಯಿಪಾಠವಾಗಿರುತ್ತವೆ. ಹಾಗಾಗಿ ಕಾಲ ಮುಗಿದ ಅಚ್ಚಿಗೆ ಅಕ್ಕ ಮೊದಲು ‘ನಿವೃತ್ತ’ ಎಂದು ಗುರುತು ಹಾಕುತ್ತಾರೆ. ಆಮೇಲೆ ಅದು ಪಟ್ಟಿಯಲ್ಲಿ ಯಾರಿಗೂ ಕಾಣುವುದಿಲ್ಲ. ಆದರೆ ಅದರ ಉದ್ದನೆಯ ಸಂಖ್ಯೆ ಗೊತ್ತಿದ್ದವರು ಅದರಿಂದ ಯಂತ್ರ ಎಬ್ಬಿಸಬಹುದು. ತೊಂಬತ್ತು ದಿನ ಕಾದು, ಅಳಿಸಿಹಾಕಿದ ಮೇಲೆಯೇ ಅದರ ಋಣ ತೀರುವುದು.

ಅಳಿಸುವ ಮುಂಚೆ ಯಾರಿಗಾದರೂ ಬೇಕೇ ಎಂದು ಕೇಳಬೇಕಲ್ಲ? ಇಮೇಲ್ ಹಾಕಿದರೆ ಯಾರೂ ಓದುವುದಿಲ್ಲ. ಅದಕ್ಕೇ ಅಕ್ಕ ಈ ಪುಸ್ತಕವನ್ನು ನೀರಿನ ಯಂತ್ರದ ಪಕ್ಕದ ಕಂಬಕ್ಕೆ ದಾರ ಕಟ್ಟಿ ನೇತುಹಾಕಿದ್ದರು. ಒಂದೊಂದು ಅಚ್ಚಿಗೆ ಒಂದಿಷ್ಟು ಪುಟ, ಮೇಲ್ಗಡೆ ಅದರ ಸಂಖ್ಯೆ. ಬೇಕಾದವರು ‘ಇನ್ನೂ ಬೇಕು’ ಎಂದು ಬರೆದು ತಾರೀಕು ಹಾಕಿದರೆ ಸಾಕು, ಇನ್ನೊಂದು ತೊಂಬತ್ತು ದಿನ ಆಯಸ್ಸು. ಮೊದಲ ಪುಟದಲ್ಲಿ ಅಕ್ಕನ ದುಂಡನೆಯ ಅಕ್ಷರದಲ್ಲಿ ಒಂದು ಮಾತಿತ್ತು: ‘ಹೆಸರು ಬರೆಯುವುದು ಬೇಡ. ನಾನು ಕೇಳುವುದೂ ಇಲ್ಲ.’ ಹೆಸರು ಕೇಳುತ್ತಿದ್ದ ಕಾಲದಲ್ಲಿ, ಹಳೆಯದನ್ನೇ ಇನ್ನೂ ಬಳಸುತ್ತಿದ್ದೇನೆಂದು ಹೇಳಿಕೊಳ್ಳಲು ನಾಚಿ ಒಬ್ಬರು ಬರೆಯದೆ ಸುಮ್ಮನಿದ್ದರಂತೆ. ಅಕ್ಕ ಅಳಿಸಿದರಂತೆ. ಆಸ್ಪತ್ರೆಯ ಒಂದು ವಾರ್ಡು ಅರ್ಧ ದಿನ ಕುರುಡಾಗಿತ್ತಂತೆ.

ಎಲ್ಲಕ್ಕಿಂತ ಹಳೆಯ ಅಚ್ಚಿಗೆ ಎಲ್ಲರೂ ಇಟ್ಟ ಹೆಸರು ‘ತಾತ’. ತಾತನ ಪುಟಗಳಲ್ಲಿ ‘ಇನ್ನೂ ಬೇಕು’ ಹನ್ನೊಂದು ಸಲ ಇತ್ತು. ಕಳೆದ ತಿಂಗಳು ಯಾರೋ ಅಕ್ಕನ ಲಾಗಿನ್ ಬಳಸಿ ತಾತನಿಂದ ಒಂದು ಯಂತ್ರ ಎಬ್ಬಿಸಿ, ಅದರ ಮುರುಕಲು ಬೀಗದ ಮೂಲಕ ಪ್ರಯೋಗಾಲಯದ ವರದಿಗಳನ್ನು ಹೊರಗೆ ಸಾಗಿಸಿದ್ದರು. ಜನ ಮನೆಯವರಿಗೂ ಹೇಳದೆ ಬಚ್ಚಿಟ್ಟುಕೊಂಡ ರೋಗಗಳು ಬೀದಿಗೆ ಬಿದ್ದಿದ್ದವು. ತಾತನನ್ನು ಹನ್ನೊಂದು ಸಲ ಬದುಕಿಸಿದವರೇ ಕಳ್ಳರು, ಸಂಖ್ಯೆ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ ಎಂದು ನಾನು ವಾದಿಸಿದ್ದೆ. ಆ ಸಂಖ್ಯೆ ಕಂಬಕ್ಕೆ ನೇತಾಡುತ್ತಿದ್ದ ಪುಸ್ತಕದಲ್ಲಿ, ನೀರು ಕುಡಿಯಲು ಬಂದವರೆಲ್ಲರ ಕಣ್ಣ ಮುಂದೆ ಇತ್ತು. ಇಂಥ ವಾದ ಮಾಡಿಯೂ ನಿನ್ನೆ ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೋಗಿದ್ದೆ.

ಹಾಗಾದರೆ ಇಲ್ಲಿ ಎಡಗೈಯವರು ಯಾರು?

ಹುಡುಕಬೇಕಾಗಿರಲಿಲ್ಲ. ಮಗಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸಾಮಾನಿನ ಪಟ್ಟಿ ಕಣ್ಣ ಮುಂದೆ ಬಂತು. “ನೋಡಪ್ಪ, ಬರೆಯೋರೂ ಇವರೇ, ಒರೆಸೋರೂ ಇವರೇ. ನಾನು ಊಹೆ ಮೇಲೆ ಸಾಮಾನು ತರ್ತೀನಿ” ಎಂದು ಅವಳು ಬೆಳಿಗ್ಗೆ ತಾನೇ ಗಂಡನನ್ನು ರೇಗಿಸಿದ್ದಳು. ನಾನೂ ನಕ್ಕಿದ್ದೆ.

ನನ್ನ ಅಳಿಯ ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ ತಂಡವೊಂದರ ಮುಖ್ಯಸ್ಥ. ಅದು ಗೊತ್ತಿದ್ದೂ ಕಂಪನಿಯ ಮುಖ್ಯಸ್ಥೆ ದೊಡ್ಡ ಮೇಡಂ ನನ್ನನ್ನೇ ಈ ತನಿಖೆಗೆ ಕರೆಸಿದ್ದರು. ಯಾಕೆ ಎಂದು ನಾನು ಕೇಳಿಕೊಂಡಿರಲಿಲ್ಲ. ನನ್ನ ಬುದ್ಧಿವಂತಿಕೆಗೆ ಎಂದು ತಿಳಿದಿದ್ದೆ.

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರನೇ ಮಹಡಿಗೆ ಹತ್ತಿದೆ. ಒಂದು ಗಳಿಗೆ ಮೆಟ್ಟಿಲ ಮೇಲೆ ನಿಂತೆ. ಪುಸ್ತಕವನ್ನು ವಾಪಸು ಕಂಬಕ್ಕೆ ಕಟ್ಟಿ ಬಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮಗಳ ಸಂಸಾರ ಹೇಗಿದೆಯೋ ಹಾಗೆ ಇರುತ್ತದೆ ಎಂಬ ಯೋಚನೆ ಬಂತು. ಬಂದದ್ದು ನಿಜ. ಅದನ್ನು ಮುಚ್ಚಿಟ್ಟು ನಾನು ಸಾಚಾ ಎಂದು ತೋರಿಸಿಕೊಳ್ಳಲಾರೆ.

“ಅಳಿಯಂದ್ರೆ, ಸ್ವಲ್ಪ ಬರ್ತೀರಾ?” ಎಂದು ಕರೆದೆ.

ಬೆಂಕಿ ಬಿದ್ದಾಗ ಇಳಿಯುವ ಹಿಂದಿನ ಮೆಟ್ಟಿಲಿನ ಬಳಿಗೆ ಕರೆದುಕೊಂಡು ಹೋದೆ. ಅಲ್ಲಿ ಹಳೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಪುಸ್ತಕ ತೆರೆದು ಅವನ ಮುಂದೆ ಹಿಡಿದೆ. ಅವನು ಅಕ್ಷರ ನೋಡಲಿಲ್ಲ, ನನ್ನ ಮುಖ ನೋಡಿದ.

“ಮಾವ, ಕೂತ್ಕೊಳ್ಳಿ.”

“ನಿಂತೇ ಕೇಳ್ತೀನಿ. ಇದು ನಿನ್ನ ಕೈಬರಹ ತಾನೆ?”

ಎಂಟು ವರ್ಷದಲ್ಲಿ ಅವನ ಜೊತೆ ಏಕವಚನ ನನ್ನ ಬಾಯಿಗೆ ಬಂದದ್ದು ಅದೇ ಮೊದಲು. ಅವನಿಗೂ ಅದು ತಟ್ಟಿತು.

“ಹೌದು.”

“ವರದಿಗಳನ್ನ ಕದ್ದವನು ನೀನಾ?”

“ಇಲ್ಲ ಮಾವ. ಯಂತ್ರ ಎಬ್ಬಿಸಿದ್ದು ನಾನಲ್ಲ. ಬರೆದದ್ದು ಮಾತ್ರ ನಾನು.”

“ಯಾಕೆ?”

ಅವನು ಕುರ್ಚಿಯ ಕಾಲೊಂದನ್ನು ಹಿಡಿದುಕೊಂಡ. “ಆಸ್ಪತ್ರೆ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡೋ ಒಂದು ಹಳೇ ಮಷೀನ್ ಇದೆ. ಅದು ತಾತನಿಂದ ಎಬ್ಬಿಸಿದ ಯಂತ್ರದ ಜೊತೆ ಮಾತ್ರ ಮಾತಾಡ್ತಿತ್ತು. ಅದನ್ನ ಹೊಸ ಅಚ್ಚಿಗೆ ಬದಲಾಯಿಸೋ ಕೆಲಸ ನನಗೆ ಕೊಟ್ಟಿದ್ರು. ಮುಗೀತು ಅಂತ ಬರೆದುಕೊಟ್ಟೆ. ಮುಗಿದಿರಲಿಲ್ಲ.”

“ಮುಗಿದಿಲ್ಲ ಅಂತ ಆಮೇಲೆ ಹೇಳಬಹುದಿತ್ತಲ್ಲ?”

“ಯಾರಿಗೆ ಹೇಳ್ಲಿ? ವೇದಿಕೆ ಮೇಲೆ ಕರೆದು ಚಪ್ಪಾಳೆ ತಟ್ಟಿದೋರಿಗಾ? ಆ ಕೆಲಸಕ್ಕೇ ನನ್ನನ್ನ ತಂಡದ ಮುಖ್ಯಸ್ಥ ಮಾಡಿದ್ದು. ನೀವೇ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ರಿ.”

ಹೇಳಿದ್ದೆ. ಬೀಗರಿಗೂ ಹೇಳಿದ್ದೆ, ಕ್ಷೌರದ ಅಂಗಡಿಯಲ್ಲೂ ಹೇಳಿದ್ದೆ.

“ಮುಂದಿನ ತೊಂಬತ್ತು ದಿನದಲ್ಲಿ ಮುಗಿಸಿಬಿಡ್ತೀನಿ ಅಂತ ಬರೀತಿದ್ದೆ. ಆಗ್ತಿರಲಿಲ್ಲ. ಮತ್ತೆ ಬರೀತಿದ್ದೆ. ಹೆಸರು ಕೇಳ್ತಿರಲಿಲ್ಲವಲ್ಲ, ಅದೊಂದು ಧೈರ್ಯ.”

“ನಿನ್ನೆ ನಾನು ಅಕ್ಕನ ಕಡೆ ಬೆರಳು ತೋರಿಸಿದಾಗ ನೀನೆಲ್ಲಿ ಕೂತಿದ್ದೆ?”

“ಮೂರನೇ ಸಾಲಲ್ಲಿ.”

“ಏನು ಮಾಡಿದೆ?”

“ಬಗ್ಗಿ ಶೂ ಲೇಸ್ ಕಟ್ಕೊಂಡೆ. ಅದು ಬಿಚ್ಚಿರಲೇ ಇಲ್ಲ, ಮಾವ.”

ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಲು ನನಗೆ ಯಾವ ಯೋಗ್ಯತೆ ಇತ್ತು? ಬೆರಳು ತೋರಿಸಿದವನು ನಾನು.

“ಹನ್ನೊಂದು ಸಲ ಬರೆದಿದ್ದೀಯ. ಒಂದು ಸಲವಾದ್ರೂ ತಪ್ಪು ಅನ್ನಿಸಲಿಲ್ವಾ?”

“ಬರೆದದ್ದು ಹತ್ತು ಸಲ.”

“ನನಗೆ ಎಣಿಸೋಕೆ ಬರುತ್ತೆ.”

“ಹತ್ತೇ ಮಾವ. ಕೊನೆಗೂ ನಾಲ್ಕು ತಿಂಗಳ ಹಿಂದೆ ಆ ಕೆಲಸ ಮುಗಿಸಿದೆ, ನಿಜವಾಗ್ಲೂ ಮುಗಿಸಿದೆ. ತಾತ ಹೋಗ್ಲಿ ಅಂತ ಈ ಸಲ ಪುಸ್ತಕದ ಹತ್ರಾನೂ ಸುಳೀಲಿಲ್ಲ. ತಾತ ಆಗಲೇ ಹೋಗಿದೆ ಅಂದ್ಕೊಂಡಿದ್ದೆ.”

ಕೊನೆಯ ಪುಟ ತೆರೆದೆ. ಇಬ್ಬರೂ ಬಗ್ಗಿ ನೋಡಿದೆವು.

ಹನ್ನೊಂದನೆಯ ‘ಇನ್ನೂ ಬೇಕು’ ಶುಭ್ರವಾಗಿತ್ತು. ಒಂದು ಚೂರೂ ಒರೆಸಿರಲಿಲ್ಲ. ಅಕ್ಷರದ ಧಾಟಿ ಅದೇ, ಬಾಲ ಎಳೆದ ರೀತಿ ಅದೇ. ಆದರೆ ಗೆರೆಗಳು ಅಲ್ಲಲ್ಲಿ ಅಳುಕಿ ನಿಂತು ಮುಂದುವರಿದಿದ್ದವು. ಮೇಲಿನದನ್ನು ನೋಡಿಕೊಂಡು ನಿಧಾನವಾಗಿ ಬರೆದ ಹಾಗಿತ್ತು. ಅದರ ತಾರೀಕಿಗೂ ಕಳ್ಳಯಂತ್ರ ಎದ್ದ ತಾರೀಕಿಗೂ ನಡುವೆ ಒಂಬತ್ತು ದಿನ.

ಹತ್ತು ಸಲ ಬರೆದವನಿಗೆ ತಾತ ಬೇಕಾಗಿದ್ದದ್ದು ತನ್ನ ಮಾನ ಉಳಿಸಿಕೊಳ್ಳಲು. ಹನ್ನೊಂದನೆಯದನ್ನು ಬರೆದವರಿಗೆ ಬೇಕಾಗಿದ್ದದ್ದು ಕಳವಿಗೆ. ಎರಡನ್ನೂ ಒಂದೇ ಕೈ ಎಂದು ತಿಳಿದು ನಾನು ಮೂರನೆಯವರ ಕುತ್ತಿಗೆಗೆ ಹಗ್ಗ ಬಿಗಿದಿದ್ದೆ.

“ಅಕ್ಕನ ಲಾಗಿನ್ ಇನ್ಯಾರ ಹತ್ರ ಇದೆ?”

“ಅವರು ರಜೆ ಹಾಕಿದಾಗ ಪಾಸ್‌ವರ್ಡನ್ನ ಲಕೋಟೆಯಲ್ಲಿಟ್ಟು ಮೇಲಿನ ಮಹಡೀಲಿ ದೊಡ್ಡ ಮೇಡಂ ಕೋಣೇಲಿ ಕೊಟ್ಟು ಹೋಗ್ತಾರೆ. ಅಲ್ಲಿಗೆ ನಾವೆಲ್ಲ ಹೋಗಿ ಬರ್ತಾನೇ ಇರ್ತೀವಿ.”

“ನೀನೂ?”

“ನಾನೂ.” ಅವನು ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದ. “ನಾನೇ ಹೇಳ್ತೀನಿ ಮಾವ, ಸಮಿತಿ ಮುಂದೆ. ನೀವು ಜೊತೆಗಿರಿ ಸಾಕು.”

ಐದು ಗಂಟೆಗೆ ನಾವಿಬ್ಬರೂ ನಾಲ್ಕನೇ ಮಹಡಿಯ ಸಮಿತಿಯ ಕೋಣೆಗೆ ಹೋದಾಗ ಏಸಿ ಮೈ ಕೊರೆಯುತ್ತಿತ್ತು. ಉದ್ದನೆಯ ಮೇಜಿನ ತುದಿಯಲ್ಲಿ ದೊಡ್ಡ ಮೇಡಂ, ಅವರ ಎರಡೂ ಪಕ್ಕ ಮೊಬೈಲ್ ತೀಡುತ್ತ ಕೂತ ಇಬ್ಬರು ಸದಸ್ಯರು. ಈಚೆ ಬದಿಯಲ್ಲಿ ಅಚ್ಚಿನಕ್ಕ. ಅವರ ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಒಂದು ಲೋಟ, ಮಡಿಸಿದ ಶಾಲು, ಹಳೆಯ ಕನ್ನಡಕ. ಇಪ್ಪತ್ತೆರಡು ವರ್ಷಕ್ಕೆ ಆ ಪೆಟ್ಟಿಗೆ ತುಂಬಿರಲೂ ಇಲ್ಲ.

“ಒಳ್ಳೇ ಸಮಯಕ್ಕೆ ಬಂದ್ರಿ,” ಎಂದರು ಮೇಡಂ. “ನಿಮ್ಮ ವರದಿ ಸರಿಯಾಗಿತ್ತು. ಇವರು ಒಪ್ಪಿಕೊಂಡಿದ್ದಾರೆ.”

ಮುಂದಿದ್ದ ಹಾಳೆಯನ್ನು ನನ್ನತ್ತ ಸರಿಸಿದರು. ಹನ್ನೊಂದು ಸಲ ಬರೆದದ್ದೂ ತಾನೇ, ಯಂತ್ರ ಎಬ್ಬಿಸಿದ್ದೂ ತಾನೇ ಎಂದು ಅಕ್ಕನ ದುಂಡನೆಯ ಅಕ್ಷರ ಹೇಳುತ್ತಿತ್ತು. ಕೆಳಗೆ ಸಹಿ.

“ಪೊಲೀಸ್ ಕಂಪ್ಲೇಂಟ್ ಬೇಡ ಅಂತ ತೀರ್ಮಾನ ಮಾಡಿದ್ವಿ. ರಾಜೀನಾಮೆ ಕೊಟ್ಟು ಹೋಗ್ತಾರೆ. ಇಷ್ಟು ವರ್ಷ ದುಡಿದೋರಿಗೆ ಅಷ್ಟಾದ್ರೂ ಮರ್ಯಾದೆ ಕೊಡಬೇಕಲ್ಲ.” ಮೇಡಂ ಎದ್ದು ಕೈ ಚಾಚಿದರು. “ನಿಮಗೆ ಅಭಿನಂದನೆ.”

ನಾನು ಕೈ ಕುಲುಕಿದೆ.

ಅಭ್ಯಾಸಬಲದಿಂದ ಕುಲುಕಿದೆ ಎಂದು ಈಗ ಹೇಳಬಹುದು. ಆದರೆ ಆ ಗಳಿಗೆಯಲ್ಲಿ ನನಗೆ ಹಾಯೆನಿಸಿದ್ದೂ ನಿಜ. ಎಲ್ಲ ಮುಗಿಯಿತು, ಯಾರೂ ಏನೂ ಹೇಳಬೇಕಾಗಿಲ್ಲ, ಮಗಳಿಗೆ ಗೊತ್ತಾಗುವುದೂ ಬೇಡ. ಅಕ್ಕ ತಲೆಯೆತ್ತಿ ನೋಡಿದಾಗ ನನ್ನ ಕೈ ಇನ್ನೂ ಮೇಡಂ ಕೈಯಲ್ಲಿತ್ತು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅಳಿಯನ ಕಡೆ ತಿರುಗಿದೆ. ಅವನು ತನ್ನ ಶೂ ನೋಡುತ್ತಿದ್ದ. ಕಾದೆ.

“ಈ ಕಾಗದದಲ್ಲಿರೋದು ಸುಳ್ಳು,” ಎಂದೆ.

“ಅಂದ್ರೆ? ನಿಮ್ಮ ವರದೀಲಿ ಇರೋದೇ ಇದರಲ್ಲೂ ಇದೆಯಲ್ಲ.”

“ವರದಿಯೂ ಸುಳ್ಳು. ನಾನು ಸರಿಯಾಗಿ ನೋಡದೆ ಬರೆದೆ. ಈ ಪುಸ್ತಕದಲ್ಲಿ ಹತ್ತು ಸಲ ಬರೆದವನು ನನ್ನ ಅಳಿಯ.”

ಸದಸ್ಯರಿಬ್ಬರೂ ಮೊಬೈಲ್ ಕೆಳಗಿಟ್ಟರು. ಆಗ ಅಳಿಯನ ಬಾಯಿಂದ “ಹೌದು, ನಾನೇ” ಎಂಬ ಮಾತು ಬಂತು. ಒಂದು ದಿನ ತಡವಾಗಿ ಬಂತು.

ಅಕ್ಕನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. “ನನಗೆ ಗೊತ್ತಿತ್ತು,” ಎಂದರು. “ಇವನು ಹೊಸದಾಗಿ ಸೇರಿದಾಗ ಕೆಲಸ ಕಲಿಸಿದೋಳು ನಾನು. ಇವನ ಅಕ್ಷರ ಗೊತ್ತಾಗಲ್ವಾ?”

“ಗೊತ್ತಿದ್ದೂ ಸಹಿ ಹಾಕಿದ್ರಾ?”

“ಹೆಸರು ಕೇಳಲ್ಲ ಅಂತ ಮೊದಲನೇ ಪುಟದಲ್ಲೇ ಮಾತು ಕೊಟ್ಟಿದ್ದೀನಿ, ಸಾರ್. ನಿನ್ನೆ ನನ್ನ ತಲೆ ಉಳಿಸಿಕೊಳ್ಳೋಕೆ ಇವನ ಹೆಸರು ಹೇಳಿದ್ರೆ ನಾಳೆಯಿಂದ ಆ ಪುಸ್ತಕದಲ್ಲಿ ಯಾರು ಬರೀತಾರೆ? ಎಲ್ಲರೂ ಸುಮ್ಮನಿರ್ತಾರೆ. ಯಾರೋ ಅಳಿಸ್ತಾರೆ. ಇನ್ನೊಂದು ವಾರ್ಡು ನಿಂತುಹೋಗುತ್ತೆ.”

“ಅಕ್ಕ, ತಪ್ಪಾಯ್ತು,” ಎಂದೆ. “ಕ್ಷಮಿಸಿ.”

“ಇಲ್ಲಿ ಎಷ್ಟು ಜನ ಇದ್ದೀವಿ?”

“ಆರು.”

“ನಿನ್ನೆ ಎಷ್ಟು ಜನ ಇದ್ರು?”

ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟೆ.

“ಹನ್ನೊಂದನೇದು ಇವನು ಬರೆದದ್ದಾ?” ಎಂದು ಮೇಡಂ ಪುಸ್ತಕದ ಕಡೆ ಕೈ ಚಾಚಿದರು.

“ಅದು ಬರೆಯೋವಾಗ ನಾನು ಕಂಬದ ಈಚೆ ನೀರು ಕುಡೀತಾ ನಿಂತಿದ್ದೆ,” ಎಂದರು ಅಕ್ಕ. “ಯಾರು ಬರೆದ್ರು ಅಂತ ಕಣ್ಣಾರೆ ನೋಡಿದ್ದೀನಿ. ಹೆಸರು ಕೇಳಲ್ಲ ಅಂದದ್ದು ಬೇಕಾಗಿ ಬರೆದೋರಿಗೆ. ಕದಿಯೋಕೆ ಬರೆದೋರಿಗೆ ಅಲ್ಲ.”

“ಹಾಗಾದ್ರೆ ಇಷ್ಟು ಹೊತ್ತು ಯಾಕೆ ಸುಮ್ಮನಿದ್ರಿ?” ಎಂದೆ.

“ನಿನ್ನೆ ನಲವತ್ತು ಜನರ ಮುಂದೆ ಕಳ್ಳಿ ಅನ್ನಿಸಿಕೊಂಡೋಳು ನಾನು. ಇನ್ನೊಬ್ಬರ ಕಡೆ ಬೆರಳು ತೋರಿಸಿದ್ರೆ ಯಾರು ನಂಬ್ತಾರೆ? ಮೊದಲು ನೀವು ಕೆಳಗೆ ಹಾಲ್‌ಗೆ ಬಂದು, ನಿನ್ನೆ ಹೇಳಿದ್ದು ತಪ್ಪು ಅಂತ ಅವರೆಲ್ಲರ ಮುಂದೆ ಹೇಳಿ. ಆಮೇಲೆ ನನ್ನ ಮಾತಿಗೆ ಬೆಲೆ ಬರುತ್ತೆ. ಆಗ ಹೆಸರು ಹೇಳ್ತೀನಿ.”

“ಅಷ್ಟು ಜನರನ್ನ ಸೇರಿಸೋ ಅಗತ್ಯ ಇಲ್ಲ,” ಎಂದರು ಮೇಡಂ. “ಇಲ್ಲೇ ಮುಗಿಸೋಣ.”

“ಹೌದು ಅಕ್ಕ, ಇಲ್ಲೇ ಹೇಳಿಬಿಡಿ,” ಎಂದ ಅಳಿಯ.

ಅಕ್ಕ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದು ಬಾಗಿಲು ತೆರೆದರು.

ಮೆಟ್ಟಿಲಿಳಿಯುವಾಗ ನಾನು ಅಕ್ಕನ ಹಿಂದೆಯೇ ಇದ್ದೆ, ಉಳಿದವರು ನನ್ನ ಹಿಂದೆ. ಹಾಲ್‌ನಲ್ಲಿ ಜನ ಮನೆಗೆ ಹೊರಡಲು ಚೀಲ ಹೆಗಲಿಗೇರಿಸುತ್ತಿದ್ದರು. ನಿನ್ನೆ ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ. ನಿನ್ನೆ ಗಂಟಲಿನಲ್ಲಿದ್ದ ಜೋರು ಇವತ್ತು ಇರಲಿಲ್ಲ.

“ನಿನ್ನೆ ನಾನು ಹೇಳಿದ್ದು ತಪ್ಪು,” ಎಂದೆ. “ಅಕ್ಕ ಏನೂ ಮಾಡಿಲ್ಲ. ಮೂಲ ಪುಸ್ತಕ ನೋಡದೆ, ಫೋಟೋ ನೋಡಿ, ಅವರ ಮಾನ ತೆಗೆದೆ. ತಪ್ಪು ಪೂರ್ತಿ ನನ್ನದು.”

ಹಿಂದಿನ ಸಾಲಿನ ಹೆಂಗಸೊಬ್ಬರು ಹೆಗಲಿನ ಚೀಲ ಇಳಿಸಿ ಮತ್ತೆ ಕೂತರು. ಅವರನ್ನು ನೋಡಿ ಪಕ್ಕದವರು ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಕೂತರು, ಅಕ್ಕನ ಕಡೆ ನೋಡುತ್ತ.

ಅಕ್ಕ ಸಾಲು ಸಾಲಾಗಿ ಮುಖಗಳನ್ನು ನೋಡಿದರು. ಆಮೇಲೆ ನನ್ನ ಬೆನ್ನ ಹಿಂದಕ್ಕೆ ನೋಡಿದರು.

“ಬರೆದೋರು ಈ ಹಾಲ್‌ನಲ್ಲಿ ಇಲ್ಲ,” ಎಂದರು. “ಮೇಲಿಂದ ನಮ್ಮ ಜೊತೆಗೇ ಮೆಟ್ಟಿಲಿಳೀತಾ ಇದ್ರು.”

ತಿರುಗಿ ನೋಡಿದೆ. ಸಮಿತಿಯ ಸದಸ್ಯರಿಬ್ಬರು ಬಾಗಿಲ ಬಳಿ ನಿಂತಿದ್ದರು. ದೊಡ್ಡ ಮೇಡಂ ಇರಲಿಲ್ಲ. ನನ್ನ ಅಳಿಯನೂ ಇರಲಿಲ್ಲ.

ಅಕ್ಕ ಹೆಸರು ಹೇಳಲು ಬಾಯಿ ತೆರೆದರು. ಸತ್ಯ ಏನಾದರೂ ಇರಲಿ, ಬರುವ ಹೆಸರು ಮೇಡಂದೇ ಆಗಿರಲಿ ಎಂದು ಮೂವತ್ತೊಂದು ವರ್ಷದ ಪತ್ತೇದಾರನಾದ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.